ಯಸಾಕಾ ಮಾರ್ಕ್ ಫೈವ್: ಬೆಳೆಯುತ್ತಿರುವ ಆಟಗಾರರಿಗೆ ತಕ್ಕ ರಬ್ಬರ್

ಧಾರವಾಡದಲ್ಲಿ ಟೇಬಲ್ ಟೆನಿಸ್ ಕಲಿಯುವ ಹೆಚ್ಚಿನ ಮಕ್ಕಳು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಬ್ಯಾಟಿನಿಂದಲೇ ಆಟ ಆರಂಭಿಸುತ್ತಾರೆ. ಜಿಲ್ಲಾ ಮಟ್ಟದ ಪಂದ್ಯಗಳನ್ನು ದಾಟಿ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ರಾಜ್ಯ ಮಟ್ಟದ ಟೂರ್ನಿಗಳಿಗೆ ಹೋಗತೊಡಗಿದ ಮೇಲೆ, ಬ್ಲೇಡನ್ನೂ (ಬ್ಯಾಟಿನ ಮರದ ಹಲಗೆ) ಅದರ ಮೇಲಿನ ರಬ್ಬರನ್ನೂ ಬೇರೆ ಬೇರೆಯಾಗಿ ಕೊಂಡು ಅಂಟಿಸಿಕೊಳ್ಳುವ ಹಂತ ಬರುತ್ತದೆ. ಹದಿಮೂರು ವರ್ಷದೊಳಗಿನವರ ವಿಭಾಗದಲ್ಲಿ ಆಡುವ ನನ್ನ ಮಗಳ ಬ್ಯಾಟಿಗೆ, ಕೋಚ್ ಸರ್ ಸಲಹೆಯಂತೆ, ಜಪಾನಿನ ಯಸಾಕಾ ಕಂಪನಿಯ ಮಾರ್ಕ್ ಫೈವ್ ರಬ್ಬರನ್ನು ಎರಡೂ ಬದಿಗೆ ಹಾಕಿಸಿದ್ದೇವೆ. ಇದೇ ಹಂತದಲ್ಲಿರುವ ಮಕ್ಕಳ ಪಾಲಕರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಈ ರಬ್ಬರ್ ಮಾರುಕಟ್ಟೆಗೆ ಬಂದದ್ದು 1969ರಲ್ಲಿ. ಆಗ ಚೆಂಡಿನ ವ್ಯಾಸ 38 ಮಿ.ಮೀ., ಪ್ರತಿ ಗೇಮಿಗೆ 21 ಅಂಕ. 2000ದಲ್ಲಿ ಚೆಂಡು 40 ಮಿ.ಮೀ. ಆಯಿತು, ಮರುವರ್ಷ ಗೇಮು 11 ಅಂಕಕ್ಕೆ ಇಳಿಯಿತು, 2014ರಿಂದ ಸೆಲ್ಯುಲಾಯ್ಡ್ ಬದಲು ಪ್ಲಾಸ್ಟಿಕ್ ಚೆಂಡು ಬಂದು ಸ್ಪಿನ್ (ಚೆಂಡಿನ ತಿರುಗುವಿಕೆ) ಇನ್ನಷ್ಟು ತಗ್ಗಿತು. ಈ ನಡುವೆ 2008ರಲ್ಲಿ, ಆರೋಗ್ಯಕ್ಕೆ ಹಾನಿಕರವಾದ ದ್ರಾವಕಗಳಿದ್ದ ಸ್ಪೀಡ್ ಗ್ಲೂ ಬಳಕೆಗೆ ನಿಷೇಧ ಬಿತ್ತು. ರಬ್ಬರಿನ ಅಡಿಯಲ್ಲಿರುವ ಸ್ಪಂಜನ್ನು ಉಬ್ಬಿಸಿ ಚೆಂಡಿಗೆ ವೇಗ ಕೊಡುತ್ತಿದ್ದ ಆ ಅಂಟು ಹೋದ ಮೇಲೆ, ತಯಾರಿಕೆಯಲ್ಲೇ ಬಿಗಿತ ತುಂಬಿದ ಹೊಸ ರಬ್ಬರುಗಳು ವೃತ್ತಿಪರರ ಕೈ ಸೇರಿದವು; ಮಾರ್ಕ್ ಫೈವ್ ಮೇಲಿನ ಹಂತದ ಆಟದಿಂದ ಬಹುಮಟ್ಟಿಗೆ ಹಿಂದೆ ಸರಿಯಿತು. ಆದರೂ ಕಲಿಕೆಯ ಹಂತದಲ್ಲಿ ಅದರ ಸ್ಥಾನ ಗಟ್ಟಿಯಾಗಿಯೇ ಉಳಿದಿದೆ, ಮತ್ತು ಅದು ನ್ಯಾಯವೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣವಿಷ್ಟೆ. ವೇಗದ ರಬ್ಬರಿನಲ್ಲಿ ಮಗು ಬ್ಯಾಟನ್ನು ಚೆಂಡಿಗೆ ಸುಮ್ಮನೆ ಒಡ್ಡಿದರೂ ಚೆಂಡು ರಭಸದಿಂದ ಚಿಮ್ಮುತ್ತದೆ, ಹೊಡೆತ ಅರ್ಧಕ್ಕೇ ನಿಂತರೂ ಅಂಕ ಸಿಕ್ಕಿಬಿಡುತ್ತದೆ. ಮಾರ್ಕ್ ಫೈವ್ ಹಾಗೆ ಪುಕ್ಕಟೆಯಾಗಿ ಏನನ್ನೂ ಕೊಡುವುದಿಲ್ಲ. ಮೊಣಕಾಲು ಬಗ್ಗಿಸಿ, ಸೊಂಟ ತಿರುಗಿಸಿ, ಮುಂಗೈಯನ್ನು ಕೊನೆಯವರೆಗೆ ಒಯ್ದರೆ ಮಾತ್ರ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂತೆ ತಿರುಗುವುದು) ಹುಟ್ಟುತ್ತದೆ. ಆದರೆ ಹಾಗೆ ಹೊಡೆದಾಗ ಚೆಂಡು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ಪುಶ್ ಮಾಡುವಾಗ (ಚೆಂಡನ್ನು ಅಡಿಯಿಂದ ಮೆಲ್ಲಗೆ ತಳ್ಳುವಾಗ) ಚೆಂಡು ಎತ್ತರಕ್ಕೆ ಏಳುವುದಿಲ್ಲ, ಬ್ಲಾಕ್ ಮಾಡುವಾಗ (ಎದುರಾಳಿಯ ಹೊಡೆತವನ್ನು ಬ್ಯಾಟ್ ಒಡ್ಡಿ ತಡೆಯುವಾಗ) ಮೇಜಿನಾಚೆ ಹಾರುವುದಿಲ್ಲ. ಮಗಳ ಬ್ಯಾಕ್‌ಹ್ಯಾಂಡಿನಲ್ಲಿ ಈ ಹಿಡಿತ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಭಾರತದ ಟೇಬಲ್ ಟೆನಿಸ್ ಆಟಗಾರ ಶರತ್ ಕಮಲ್ ಅವರು 2004ರಿಂದ 2024ರವರೆಗೆ ಐದು ಒಲಿಂಪಿಕ್ಸ್ ಆಡಿದರು; ಆ ಅವಧಿಯಲ್ಲಿ ಅಂಟು ಬದಲಾಯಿತು, ಚೆಂಡು ಬದಲಾಯಿತು, ಅದಕ್ಕೆ ತಕ್ಕಂತೆ ರಬ್ಬರುಗಳೂ ಬದಲಾದವು. ಇಂಥ ದೀರ್ಘ ವೃತ್ತಿಜೀವನದಲ್ಲಿ ಆಟಗಾರನ ಜೊತೆ ಉಳಿಯುವುದು ಎಳವೆಯಲ್ಲಿ ಪಳಗಿದ ಹೊಡೆತವೇ ಹೊರತು ಉಪಕರಣವಲ್ಲ.

ಕೊರತೆಗಳೂ ಇವೆ. ಮೇಜಿನಿಂದ ಹಿಂದೆ ಸರಿದು ಆಡುವಾಗ ಈ ರಬ್ಬರಿನ ಬಲ ಸಾಲುವುದಿಲ್ಲ; ದೂರದಿಂದ ಎದುರಾಳಿಯ ಲೂಪಿಗೆ (ಬಲವಾದ ಟಾಪ್‌ಸ್ಪಿನ್ ಹೊಡೆತ) ಲೂಪಿನಿಂದಲೇ ಉತ್ತರಿಸಬೇಕಾದಾಗ ಚೆಂಡು ನೆಟ್ಟಿನ ಬಳಿಯೇ ಸೋತು ಬೀಳುತ್ತದೆ. ನಮ್ಮ ಊರಿನ ಮಳೆಗಾಲದ ತೇವಕ್ಕೆ ಅಭ್ಯಾಸದ ನಡುವೆಯೇ ರಬ್ಬರಿನ ಮೇಲ್ಮೈ ಜಾರತೊಡಗುತ್ತದೆ, ಬೇಸಿಗೆಯಲ್ಲಿ ಧೂಳು ಕೂರುತ್ತದೆ. ಮೇಲ್ಮೈ ನಯವಾಗಿರುವ ಎಲ್ಲ ರಬ್ಬರುಗಳಿಗೂ ಇರುವ ತೊಂದರೆಯೇ ಇದು. ಆಟ ಮುಗಿದ ಕೂಡಲೇ ಒದ್ದೆ ಸ್ಪಂಜಿನಿಂದ ಒರೆಸಿ, ಮೇಲೆ ರಕ್ಷಣಾ ಹಾಳೆ ಅಂಟಿಸಿಟ್ಟರೆ ಹಿಡಿತ ಬಹುಕಾಲ ಉಳಿಯುತ್ತದೆ. ಹುಬ್ಬಳ್ಳಿಯಲ್ಲಿ ನಾನು ವಿಚಾರಿಸಿದ ಅಂಗಡಿಗಳಲ್ಲಿ ಬಿಡಿ ರಬ್ಬರ್ ಸಿಗಲಿಲ್ಲ, ಆನ್‌ಲೈನಿನಲ್ಲಿ ತರಿಸಿಕೊಂಡೆವು. ಕೊಳ್ಳುವಾಗ ರಬ್ಬರಿನ ಅಂಚಿನಲ್ಲಿ ಅಂತರರಾಷ್ಟ್ರೀಯ ಫೆಡರೇಷನ್ನಿನ ಮಾನ್ಯತೆಯ ಗುರುತು ಅಚ್ಚಾಗಿದೆಯೇ ಎಂದು ನೋಡಬೇಕು, ಒಂದು ಬದಿಗೆ ಕಪ್ಪು ಬಣ್ಣವನ್ನೇ ಆರಿಸಬೇಕು. ಇವೆರಡರಲ್ಲಿ ಯಾವುದು ತಪ್ಪಿದರೂ ಟೂರ್ನಿಯಲ್ಲಿ ಆ ಬ್ಯಾಟಿಗೆ ಅವಕಾಶವಿಲ್ಲ.

ಬೆಲೆಯ ವಿಚಾರವನ್ನೂ ಮುಚ್ಚಿಡಬಾರದು. ನಮ್ಮ ರಾಜ್ಯದವರೇ ಆದ ಅರ್ಚನಾ ಕಾಮತ್ ಅವರು ಪ್ಯಾರಿಸ್ ಒಲಿಂಪಿಕ್ಸಿನ ತಂಡ ವಿಭಾಗದ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಯ ಎದುರು ಭಾರತಕ್ಕೆ ಬಂದ ಏಕೈಕ ಗೆಲುವನ್ನು ತಂದುಕೊಟ್ಟವರು. ಅವರೇ 24ನೇ ವಯಸ್ಸಿನಲ್ಲಿ ವೃತ್ತಿಪರ ಆಟವನ್ನು ಬಿಟ್ಟು ಉನ್ನತ ವ್ಯಾಸಂಗಕ್ಕೆ ಅಮೆರಿಕಕ್ಕೆ ಹೋದರು. ಅದು ಗೌರವಕ್ಕೆ ಅರ್ಹವಾದ ನಿರ್ಧಾರ. ಈ ಆಟದಲ್ಲಿ ಮುಂದಿನ ದಾರಿ ಅಷ್ಟು ಅನಿಶ್ಚಿತವಾಗಿರುವಾಗ, ಹನ್ನೆರಡು ವರ್ಷದ ಮಗುವಿನ ಬ್ಯಾಟಿಗೆ ವೃತ್ತಿಪರರ ದುಬಾರಿ ರಬ್ಬರ್ ಹಾಕಿಸುವ ಬದಲು, ಅದಕ್ಕಿಂತ ಬಹಳ ಅಗ್ಗವಾದ ಇದನ್ನು ಹಾಕಿಸಿ, ಉಳಿದ ಹಣವನ್ನು ತರಬೇತಿಗೂ ಪ್ರಯಾಣಕ್ಕೂ ಇಡುವುದು ವಿವೇಕ.

ದಪ್ಪದಲ್ಲಿ, ಹೊಸದಾಗಿ ಟಾಪ್‌ಸ್ಪಿನ್ ಕಲಿಯುವವರಿಗೆ 1.8 ಮಿ.ಮೀ., ಹೊಡೆತ ಕುದುರಿದವರಿಗೆ 2 ಮಿ.ಮೀ. ಸ್ಪಂಜು ಸರಿಹೋಗುತ್ತದೆ. ಹದಿನೈದು ವರ್ಷದೊಳಗಿನವರ ವಿಭಾಗಕ್ಕೆ ಏರಿದ ಮೇಲೆ ಮೊದಲು ಫೋರ್‌ಹ್ಯಾಂಡ್ ಬದಿಯನ್ನಷ್ಟೇ ವೇಗದ ರಬ್ಬರಿಗೆ ಬದಲಿಸಿ, ಬ್ಯಾಕ್‌ಹ್ಯಾಂಡಿಗೆ ಇನ್ನೊಂದಷ್ಟು ಕಾಲ ಮಾರ್ಕ್ ಫೈವನ್ನೇ ಉಳಿಸಿಕೊಳ್ಳಬೇಕೆಂದು ಕೋಚ್ ಸರ್ ಹೇಳಿದ್ದಾರೆ. ನಾವೂ ಹಾಗೆಯೇ ಮಾಡಲಿದ್ದೇವೆ.