ಸರೋವರದ ದಾರಿಗೆ ಮೊದಲು ಬೇಕಾದ ಕಪ್ಪು-ಬಿಳುಪು ನಕ್ಷೆ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಪರ್ವತಶ್ರೇಣಿಯ ಪೂರ್ವ ಭಾಗದಲ್ಲಿ, ಇನ್ಯೋ ನ್ಯಾಷನಲ್ ಫಾರೆಸ್ಟ್‌ನೊಳಗಿರುವ ಲಾರೆಲ್ ಸರೋವರಗಳಿಗೆ ಜೀಪಿನಲ್ಲಿ ಹೋಗಿ ಗಾಳ ಹಾಕಿ ಬರಬೇಕೆಂದು ನಾವು ಮೂವರು ಗೆಳೆಯರು ಕಳೆದ ಬೇಸಿಗೆಯಲ್ಲಿ ನಿಶ್ಚಯಿಸಿದೆವು. ಆ ಸಿದ್ಧತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಬಿಡಿಗಾಸೂ ಖರ್ಚಿಲ್ಲದ ಒಂದು ನಕ್ಷೆ. ಅಮೆರಿಕದ ಅರಣ್ಯ ಸೇವೆ ಪ್ರಕಟಿಸುವ ಈ ‘ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್’ ಬಗ್ಗೆ ಕನ್ನಡದಲ್ಲಿ ಯಾರೂ ಬರೆದದ್ದನ್ನು ನಾನು ಕಂಡಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನ್ಯಾಷನಲ್ ಫಾರೆಸ್ಟ್ ಎಂದರೆ ನಮ್ಮ ಬಂಡೀಪುರ, ನಾಗರಹೊಳೆಗಳಂಥ ರಾಷ್ಟ್ರೀಯ ಉದ್ಯಾನವಲ್ಲ. ಕೃಷಿ ಇಲಾಖೆಯ ಅಧೀನದಲ್ಲಿರುವ ಈ ಕಾಡುಗಳಲ್ಲಿ ಬೇಟೆ, ಮೀನುಗಾರಿಕೆ, ದನ ಮೇಯಿಸುವುದು, ವಾಹನ ಸಂಚಾರ ಎಲ್ಲಕ್ಕೂ ನಿಯಮಬದ್ಧವಾದ ಅವಕಾಶವಿದೆ. ಆದರೆ ಚಕ್ರ ಎಲ್ಲಿ ಉರುಳುತ್ತದೋ ಅಲ್ಲೆಲ್ಲ ಹೋಗಬಹುದೆಂದು ಇದರ ಅರ್ಥವಲ್ಲ. 2005ರ ನಿಯಮದಂತೆ ಪ್ರತಿ ಕಾಡಿನಲ್ಲೂ ವಾಹನಕ್ಕೆ ತೆರೆದಿರುವ ದಾರಿಗಳನ್ನು ಗೊತ್ತುಪಡಿಸಿ ನಕ್ಷೆಯಲ್ಲಿ ತೋರಿಸಬೇಕು. ಆ ನಕ್ಷೆಯಲ್ಲಿ ಇಲ್ಲದ ದಾರಿ, ಅಲ್ಲಿ ಗೇಟಾಗಲಿ ಫಲಕವಾಗಲಿ ಇಲ್ಲದಿದ್ದರೂ, ವಾಹನಕ್ಕೆ ಮುಚ್ಚಿದ ದಾರಿಯೇ.

ಈ ಮಾತಿನ ತೂಕ ನನಗೆ ಅರ್ಥವಾದದ್ದು ಅದಕ್ಕೂ ಹಿಂದಿನ ಒಂದು ಪ್ರವಾಸದಲ್ಲಿ. ಫೋನಿನ ಆ್ಯಪ್ ಒಂದು ತೋರಿಸಿದ ಅಡ್ಡದಾರಿಯನ್ನು ನಂಬಿ ಅರ್ಧ ಮೈಲಿ ಒಳಗೆ ಹೋದ ಮೇಲೆ, ಆ ಜಾಡು ಎಂದೋ ಮುಚ್ಚಿಹೋಗಿದೆಯೆಂದು ತಿಳಿದು, ತಿರುಗಿಸಲು ಜಾಗವಿಲ್ಲದೆ ಅಷ್ಟು ದೂರವನ್ನೂ ರಿವರ್ಸ್‌ನಲ್ಲೇ ಬರಬೇಕಾಯಿತು. ನಮ್ಮ ಟೈರುಗಳು ಹಸಿ ಹುಲ್ಲುಗಾವಲಿನ ಅಂಚಿನಲ್ಲಿ ಕೊರೆದ ಎರಡು ಗೀರುಗಳು ನನಗೆ ಇಂದಿಗೂ ನೋವು ಕೊಡುತ್ತವೆ. ವರ್ಷದ ಬಹುಪಾಲು ಹಿಮದಡಿಯಲ್ಲಿರುವ ಅಂಥ ನೆಲಕ್ಕೆ ಗಾಯ ಮಾಯಲು ಬಹಳ ಕಾಲ ಬೇಕು.

ನಕ್ಷೆ ಮೊದಲ ನೋಟಕ್ಕೆ ನೀರಸವಾಗಿದೆ. ಬಣ್ಣವಿಲ್ಲ, ನೆರಳಿಲ್ಲ, ಬಿಳಿಯ ಹಾಳೆಯ ಮೇಲೆ ಗೆರೆಗಳು ಮತ್ತು ದಾರಿಯ ಸಂಖ್ಯೆಗಳು ಮಾತ್ರ. ಗೆರೆಯ ಬಗೆಯನ್ನು ಚಿಹ್ನೆಗಳ ಅರ್ಥ ಹೇಳುವ ಸೂಚಿಯೊಡನೆ ಹೋಲಿಸಿದರೆ, ಎಲ್ಲ ವಾಹನಗಳಿಗೂ ತೆರೆದ ರಸ್ತೆ ಯಾವುದು, ಸಾರ್ವಜನಿಕ ರಸ್ತೆಗಳಲ್ಲಿ ಓಡಿಸಲು ಕಾನೂನಿನ ಅನುಮತಿಯಿರುವ ವಾಹನಕ್ಕೆ ಮಾತ್ರ ಮೀಸಲಾದದ್ದು ಯಾವುದು, 50 ಅಂಗುಲಕ್ಕಿಂತ ಅಗಲವಾದ ವಾಹನ ಹೋಗಬಾರದ ಜಾಡು ಯಾವುದು ಎಂಬುದು ತಿಳಿಯುತ್ತದೆ. ಕೆಲವು ದಾರಿಗಳು ವರ್ಷದ ಕೆಲವು ತಿಂಗಳು ಮಾತ್ರ ತೆರೆದಿದ್ದು, ಆ ದಿನಾಂಕಗಳನ್ನು ಕೋಷ್ಟಕದಲ್ಲಿ ನೋಡಬೇಕು. ಮನೆಯ ಪ್ರಿಂಟರಿನಲ್ಲಿ ಸಣ್ಣ ಹಾಳೆಗೆ ಕುಗ್ಗಿಸಿ ಮುದ್ರಿಸಿದರೆ ಚುಕ್ಕೆಗೆರೆ, ತುಂಡುಗೆರೆಗಳು ಒಂದಕ್ಕೊಂದು ಅಂಟಿಕೊಂಡು ಏನೂ ತಿಳಿಯದಾಗುತ್ತದೆ; ಆದ್ದರಿಂದ ರೇಂಜರ್ ಕಚೇರಿಯಲ್ಲಿ ಉಚಿತವಾಗಿ ಸಿಗುವ ದೊಡ್ಡ ಹಾಳೆಯನ್ನೇ ಕೇಳಿ ಪಡೆಯುವುದು ಒಳ್ಳೆಯದು. ಇದೇ ನಕ್ಷೆಯ ಪಿಡಿಎಫ್ ಪ್ರತಿಯನ್ನು ಅವೆಂಜಾ ಮ್ಯಾಪ್ಸ್ ಆ್ಯಪ್‌ನಲ್ಲಿ ಮೊದಲೇ ಇಳಿಸಿಕೊಂಡರೆ, ಸಿಗ್ನಲ್ ಇಲ್ಲದ ಕಣಿವೆಯಲ್ಲೂ ನಾವಿರುವ ಜಾಗ ನೀಲಿ ಚುಕ್ಕೆಯಾಗಿ ಕಾಣುತ್ತದೆ.

ದಾರಿ ತೆರೆದಿದೆ ಎಂದು ಹೇಳುವ ಈ ನಕ್ಷೆ, ಅದು ಎಷ್ಟು ಕಠಿಣ ಎಂಬುದನ್ನು ಹೇಳುವುದಿಲ್ಲ. ಲಾರೆಲ್ ಕಣಿವೆಯ ದಾರಿ ಹಾಳೆಯ ಮೇಲೆ ಬೇರೆಲ್ಲ ಗೆರೆಗಳಂತೆಯೇ ಸಾಧುವಾಗಿ ಕಾಣುತ್ತದೆ; ಅಲ್ಲಿ ನಿಂತರೆ ಒಂದು ಕಡೆ ಸಡಿಲ ಕಲ್ಲಿನ ಇಳಿಜಾರು, ಇನ್ನೊಂದು ಕಡೆ ಪ್ರಪಾತ, ನಡುವೆ ಒಂದೇ ವಾಹನ ಹಿಡಿಸುವಷ್ಟು ಅಗಲ. ಇದಕ್ಕಾಗಿ ನೆಲದ ಏರುತಗ್ಗನ್ನು ಗೆರೆಗಳಲ್ಲಿ ತೋರಿಸುವ 1:24,000 ಪ್ರಮಾಣದ ಸಮೋನ್ನತಿ ನಕ್ಷೆಯನ್ನು ಪಕ್ಕದಲ್ಲಿಟ್ಟುಕೊಳ್ಳಲೇಬೇಕು. ಎತ್ತರದ ಗೆರೆಗಳು ಎಲ್ಲಿ ಒತ್ತೊತ್ತಾಗಿವೆಯೋ, ಅಂದರೆ ನೆಲ ಎಲ್ಲಿ ಕಡಿದಾಗಿದೆಯೋ, ಅಲ್ಲಿ ಎದುರಿನಿಂದ ವಾಹನ ಬಂದರೆ ಎಲ್ಲಿ ಸರಿಯಬೇಕೆಂದು ನಾವು ಊಟದ ಮೇಜಿನ ಮೇಲೆಯೇ ಪೆನ್ಸಿಲಿನಲ್ಲಿ ಗುರುತಿಸಿಕೊಂಡಿದ್ದೆವು. ಇಬ್ಬರೂ ದಾಟಲಾಗದ ಕಡೆ ಇಳಿಯುವವರು ಏರುವವರಿಗೆ ದಾರಿ ಬಿಡಬೇಕೆಂಬುದು ಕ್ಯಾಲಿಫೋರ್ನಿಯಾದ ಕಾನೂನು. ಡಾಂಬರು ಮುಗಿದಲ್ಲಿ ಟೈರಿನ ಗಾಳಿಯ ಒತ್ತಡವನ್ನು 36ರಿಂದ 20 ಪಿಎಸ್‌ಐಗೆ ಇಳಿಸಿದ ಮೇಲೆ ಕಲ್ಲುಗಳ ಮೇಲಿನ ಕುಲುಕಾಟ ಎಷ್ಟೋ ಕಡಿಮೆಯಾಯಿತು.

ನಕ್ಷೆಯಲ್ಲಿ ಇಲ್ಲದ, ಆದರೆ ಮರೆಯಬಾರದ ಕೆಲವು ಸಂಗತಿಗಳಿವೆ. 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಮೀನು ಹಿಡಿಯುವ ಲೈಸೆನ್ಸ್ ಬೇಕು. 2023ರಿಂದ ವಾರ್ಷಿಕ ಲೈಸೆನ್ಸ್ ಕೊಂಡ ದಿನದಿಂದ 365 ದಿನ ಊರ್ಜಿತದಲ್ಲಿರುತ್ತದೆ. ಕಾಡಿನಲ್ಲಿ ಸಣ್ಣ ಗ್ಯಾಸ್ ಸ್ಟೌ ಹಚ್ಚಲು ಕೂಡ ಉಚಿತ ಪರವಾನಗಿ ಪಡೆದಿರಬೇಕು. ಬಾಡಿಗೆಯ ಜೀಪಾದರೆ ಒಪ್ಪಂದವನ್ನು ಪೂರ್ತಿ ಓದಿ. ಡಾಂಬರಿಲ್ಲದ ದಾರಿಗೆ ಒಯ್ಯಬಾರದೆಂಬ ಷರತ್ತು ಅನೇಕ ಒಪ್ಪಂದಗಳಲ್ಲಿರುತ್ತದೆ.

10,000 ಅಡಿಯ ಸಮೀಪದ ಆ ತಣ್ಣನೆಯ ನೀರಿನಲ್ಲಿ ನನ್ನ ಗಾಳಕ್ಕೆ ಬಿದ್ದದ್ದು ಗೇಣುದ್ದದ ಒಂದೇ ಒಂದು ಗೋಲ್ಡನ್ ಟ್ರೌಟ್. ಹೊಟ್ಟೆಯುದ್ದಕ್ಕೂ ಕುಂಕುಮದ ಕೆಂಪು, ಪಕ್ಕೆಗೆ ಅರಿಸಿನದ ಹೊಳಪು. 1947ರಿಂದ ಕ್ಯಾಲಿಫೋರ್ನಿಯಾ ರಾಜ್ಯದ ಅಧಿಕೃತ ಸಿಹಿನೀರಿನ ಮೀನಾಗಿರುವ ಅದನ್ನು ಒದ್ದೆ ಕೈಯಲ್ಲಿ ಕ್ಷಣಕಾಲ ಹಿಡಿದು ನೀರಿಗೇ ಬಿಟ್ಟೆ. ಈ ವರ್ಷ ಹೊರಡುವವರು ನನ್ನಂಥವರ ಬಳಿ ಇರುವ ನಕ್ಷೆಯ ಹಳೆಯ ಪ್ರತಿಯನ್ನು ಎರವಲು ಪಡೆಯದೆ, ಹಾಳೆಯ ಮೇಲಿನ ಇಸವಿ ನೋಡಿ ಹೊಸದನ್ನೇ ತೆಗೆದುಕೊಳ್ಳಬೇಕು.