ದಾವಣಗೆರೆಯಲ್ಲಿ ಗಾರ್ಮೆಂಟ್ಸ್ ಘಟಕಕ್ಕೆ ಟ್ರೇನಿಂಗ್ ಮಾಡಿಸಿದ ಅನುಭವ

ನಮ್ಮದು ದಾವಣಗೆರೆ ಹೊರಗಿನ ಸಣ್ಣ ಗಾರ್ಮೆಂಟ್ಸ್ ಘಟಕ. ಶರ್ಟ್ ಹೊಲಿಯುತ್ತೇವೆ. ಆಲ್ಟರ್‌ಗೆ (ತಪ್ಪು ಸರಿಮಾಡಲು) ವಾಪಸ್ ಬರುವ ಪೀಸ್ ಜಾಸ್ತಿಯಾಗಿತ್ತು, ಹಾಗಾಗಿ ಟೈಲರ್‌ಗಳಿಗೆ ಟ್ರೇನಿಂಗ್ ಕೊಡಿಸೋಣ ಅಂತ ಊರಿನದೇ ಒಂದು ಚಿಕ್ಕ ತಂಡವನ್ನು ಕರೆಸಿದೆವು.

ಬಂದವರು ಪಾಠ ಶುರು ಮಾಡಲೇ ಇಲ್ಲ. ಹೊಲಿಗೆ ಮಷೀನ್ ಲೈನ್ ಪಕ್ಕ ನಿಂತು ನೋಡಿದರು, ಟೈಲರ್‌ಗಳ ಹತ್ತಿರ ಕೂತು ಮಾತಾಡಿದರು, ಆಲ್ಟರ್ ಪೀಸ್‌ಗಳನ್ನು ಹರವಿಕೊಂಡು ಯಾವ ತಪ್ಪು ಎಲ್ಲಿಂದ ಬರುತ್ತಿದೆ ಅಂತ ಬೇರೆ ಬೇರೆ ಮಾಡಿದರು. ಬಟ್ಟೆಯ ದಾರ ಎಳೆದು ಸಣ್ಣ ತೂತು ಬೀಳುತ್ತಿದ್ದುದಕ್ಕೆ ಕಾರಣ ಮೊಂಡು ಸೂಜಿ. ಸೂಜಿ ಬದಲಿಸಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಸ್ಟೋರ್‌ಗೆ ಹೋಗಿ ಸಾಲಲ್ಲಿ ನಿಂತರೆ ಟಾರ್ಗೆಟ್ ತಪ್ಪುತ್ತದೆ, ಸೂಪರ್‌ವೈಸರ್ ಬೈಯುತ್ತಾರೆ, ಅದಕ್ಕೆ ಹಳೆಯದರಲ್ಲೇ ಹೊಲಿಯುತ್ತಿದ್ದರು. 'ಇದಕ್ಕೆ ಟ್ರೇನಿಂಗ್ ಬೇಡ ಸಾರ್, ಸೂಜಿ ಡಬ್ಬಿ ಲೈನಿಗೇ ಕೊಡಿ, ಹಳೆಯದು ಕೊಟ್ಟರೆ ಹೊಸದು ಸಿಗಲಿ' ಅಂತ ತಂಡದವರೇ ಅಂದರು. ತಮ್ಮ ವ್ಯಾಪಾರ ಕಡಿಮೆಯಾಗುತ್ತದೆ ಅಂತ ಗೊತ್ತಿದ್ದೂ ಹೀಗೆ ಹೇಳುವವರು ಎಷ್ಟು ಜನ ಸಿಗುತ್ತಾರೆ?

ಇವರು ನಡೆಯುವುದು ಆ್ಯಡಿ (ADDIE) ಅನ್ನುವ ಐದು ಹಂತದ ಕ್ರಮದಲ್ಲಿ. ಕೊರತೆ ಎಲ್ಲಿದೆ ನೋಡು, ಯೋಜನೆ ಹಾಕು, ಪಾಠ ತಯಾರಿಸು, ಕಲಿಸು, ಫಲ ಅಳೆ. 1975ರಲ್ಲಿ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಅಮೆರಿಕದ ಸೇನೆಯ ತರಬೇತಿಗಾಗಿ ಮಾಡಿದ್ದು ನಮ್ಮ ಹೊಲಿಗೆ ಲೈನಿಗೂ ಸರಿಯಾಗಿ ಹೊಂದಿತು.

ಟ್ರೇನಿಂಗ್ ನಿಜವಾಗಿ ಬೇಕಿದ್ದದ್ದು ಕಾಲರ್‌ಗೆ. ನಾವು 'ಗುಣಮಟ್ಟದ ಅರಿವು ಮೂಡಿಸಬೇಕು' ಅಂತ ಬರೆದುಕೊಟ್ಟಿದ್ದೆವು. ಅವರು ಅದನ್ನು ಹೊಡೆದುಹಾಕಿ, 'ಹೊಲಿದ ಕಾಲರನ್ನು ನಡುವೆ ಮಡಚಿ, ಎರಡೂ ಮೂಲೆ ಸಮ ಇದೆಯಾ ನೋಡಿಯೇ ಟೈಲರ್ ಬಂಡಲ್‌ಗೆ ಹಾಕಬೇಕು' ಅಂತ ಬರೆದರು. ಇದಾದರೆ ಕಣ್ಣಿಗೆ ಕಾಣುತ್ತದೆ, ಅಲ್ವಾ? ಸ್ಲೈಡ್ ಬದಲು ಸರಿಯಾದ ಕಾಲರ್, ಕೆಟ್ಟ ಕಾಲರ್ ಎರಡನ್ನೂ ಹಲಗೆಗೆ ಅಂಟಿಸಿ ಮಷೀನ್ ಎದುರು ನೇತುಹಾಕಿದರು. ಜಗಳೂರು, ಹೊನ್ನಾಳಿ ಕಡೆಯಿಂದ ಹೊಸದಾಗಿ ಸೇರಿದ ಹುಡುಗಿಯರು ಈಗಲೂ ಅದನ್ನು ಮುಟ್ಟಿ ನೋಡಿ ಹೊಲಿಯುತ್ತಾರೆ. ಹಿಂದೊಮ್ಮೆ ಬೇರೆ ಕಡೆಯಿಂದ ಬಂದವರೊಬ್ಬರು ಇಡೀ ದಿನ ಇಂಗ್ಲಿಷ್‌ನಲ್ಲಿ ಮಾತಾಡಿ ಸರ್ಟಿಫಿಕೇಟ್ ಹಂಚಿ ಹೋಗಿದ್ದರು. ಅದರಿಂದ ಒಂದು ಪೀಸೂ ಸುಧಾರಿಸಲಿಲ್ಲ.

ಕೊರತೆಗಳೂ ಇವೆ. ಮಾಡಿಕೊಟ್ಟ ವಿಡಿಯೋ ಮಷೀನ್ ಸದ್ದಿನಲ್ಲಿ ಕೇಳಿಸುವುದೇ ಇಲ್ಲ. ಒಂದು ಬ್ಯಾಚ್‌ಗೆ ಮೊದಲು ಕಲಿಸಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಇನ್ನೊಂದು, ಫಲ ಅಳೆಯುವ ಕೆಲಸವನ್ನು ಅರ್ಧಕ್ಕೇ ಬಿಟ್ಟರು. ಟ್ರೇನಿಂಗ್ ಫಲ ಅಳೆಯಲು 1959ರಲ್ಲಿ ಅಮೆರಿಕದ ಪ್ರೊಫೆಸರ್ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಹೇಳಿದ ನಾಲ್ಕು ಮೆಟ್ಟಿಲು ಇವರೇ ನಮಗೆ ವಿವರಿಸಿದ್ದು: ಇಷ್ಟವಾಯ್ತಾ, ಕಲಿತರಾ, ಕೆಲಸದಲ್ಲಿ ಬಳಸುತ್ತಿದ್ದಾರಾ, ಕಂಪನಿಗೆ ಫಲ ಸಿಕ್ಕಿತಾ. ಮೊದಲ ಎರಡನ್ನು ಮುಗಿಸಿ ಬಿಲ್ ಕಳಿಸಿದರು. ಉಳಿದದ್ದನ್ನು ನಮ್ಮ ಚೆಕಿಂಗ್‌ನವರೇ ಬರೆದಿಡುತ್ತಿದ್ದಾರೆ. ಕಾಲರ್ ಆಲ್ಟರ್ ಇಳಿದಿದೆ.

ನೀವು ಕರೆಸುವುದಾದರೆ, ಟ್ರೇನಿಂಗ್ ಮುಗಿದು ಕೆಲವು ವಾರದ ಮೇಲೆ ಮತ್ತೆ ಬಂದು ಲೈನ್ ನೋಡಬೇಕು ಅಂತ ಮೊದಲೇ ಬರೆಸಿಕೊಳ್ಳಿ, ಕೊನೆಯ ಕಂತು ಆಮೇಲೆ ಕೊಡಿ. ಅರ್ಜೆಂಟ್ ಆರ್ಡರ್ ಇರುವ ತಿಂಗಳಲ್ಲಿ ಬೇಡ. ಅವರು ಸಮಯ ತಗೊಳ್ಳುತ್ತಾರೆ, ತಗೊಳ್ಳಲೇಬೇಕು.