ಒಂದು ಕಿಲೋ ಹಂದಿಮಾಂಸ: ಪಂದಿ ಕರಿಯೋ, ಬಫಾತೋ?

ನೆಣವೂ ತೊಗಲೂ ಹದವಾಗಿ ಸೇರಿದ ಒಂದು ಕಿಲೋ ಹಂದಿಮಾಂಸ ಮನೆಗೆ ಬಂದಾಗ ಮಸಾಲೆ ಡಬ್ಬಿಗಿಂತ ಮೊದಲು ನೋಡಬೇಕಾದದ್ದು ಮನೆಯಲ್ಲಿ ಯಾವ ಹುಳಿ ಇದೆ ಎಂಬುದನ್ನು. ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಶುಂಠಿ, ಬೆಳ್ಳುಳ್ಳಿ ನಮ್ಮ ಕಡೆಯ ಹಂದಿ ಅಡುಗೆಗಳಿಗೆಲ್ಲ ಹೆಚ್ಚುಕಡಿಮೆ ಬೇಕೇ ಬೇಕು. ಕೊಡಗಿನ ಪಂದಿ ಕರಿಯನ್ನು ಮಂಗಳೂರು ಕ್ರೈಸ್ತರ ಬಫಾತಿನಿಂದ ಬೇರೆ ಮಾಡುವುದು ಬಹುಮಟ್ಟಿಗೆ ಹುಳಿಯೇ. ಮೊದಲನೆಯದಕ್ಕೆ ಕಾಚಂಪುಳಿ ಎಂಬ ಕಪ್ಪು ಹಣ್ಣಿನ ಹುಳಿ, ಎರಡನೆಯದಕ್ಕೆ ಹುಣಸೆ ಅಥವಾ ವಿನೆಗರ್. ಅವಸರದ ದಿನಗಳಿಗೆ ನಿಂಬೆಹಣ್ಣು ಹಿಂಡಿದ ಪೆಪ್ಪರ್ ಫ್ರೈ ಇದ್ದೇ ಇದೆ. ಮೂರನ್ನೂ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಮಾಡಿ ಉಂಡವನಾಗಿ ನನ್ನ ಓಟು ಬಫಾತಿಗೆ. ಪಂದಿ ಕರಿಯ ಬಗ್ಗೆ ನನಗೆ ತಕರಾರಿಲ್ಲ. ತಕರಾರೇನಿದ್ದರೂ ಒಂದು ಬಾಟಲಿಯ ಬಗ್ಗೆ.

ಮಲೆನಾಡಿನಲ್ಲಿ ಉಪ್ಪಾಗೆ ಎನ್ನುತ್ತೇವಲ್ಲ, ಅದೇ ಜಾತಿಯ ಹಣ್ಣಿನಿಂದ ಕಾಚಂಪುಳಿ ಆಗುತ್ತದೆ. ಮಳೆಗಾಲದಲ್ಲಿ ಉದುರಿದ ಹಣ್ಣುಗಳನ್ನು ಆಯ್ದು ರಾಶಿ ಹಾಕಿ, ಅವು ಕಳಿತು ಸುರಿಸುವ ರಸವನ್ನು ಕೆಳಗಿನ ಪಾತ್ರೆಯಲ್ಲಿ ಹಿಡಿದು, ಆ ರಸ ಕಪ್ಪಾಗಿ ಗಟ್ಟಿಯಾಗುವವರೆಗೆ ಕುದಿಸಿ ಇಂಗಿಸುತ್ತಾರೆ. ಇಷ್ಟು ಹಣ್ಣಿಗೆ ಇಷ್ಟೇ ರಸ ಎಂದಾದ ಮೇಲೆ ಅದು ಅಗ್ಗವಾಗಿ ಸಿಗುವ ಪ್ರಶ್ನೆಯೇ ಇಲ್ಲ. ಆದರೂ ಕೊಡಗಿನಿಂದ ಹಿಂತಿರುಗುವ ದಾರಿಯ ಅಂಗಡಿಯೊಂದರಲ್ಲಿ, ಜೇನುತುಪ್ಪ ಮತ್ತು ಹೋಂ ಮೇಡ್ ಚಾಕಲೇಟುಗಳ ನಡುವೆ, ಅದು ಅಗ್ಗವಾಗಿಯೇ ಸಿಕ್ಕಿತು. ಚೀಟಿಯ ಮೇಲೆ ‘ಶುದ್ಧ’ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು.

ಮನೆಯಲ್ಲಿ ಬಾಟಲಿಯನ್ನು ಓರೆ ಮಾಡಿದಾಗ ಒಳಗಿನದು ಕಾಫಿ ಡಿಕಾಕ್ಷನ್ನಿನಂತೆ ಸರಕ್ಕನೆ ಹರಿಯಿತು. ಒಳ್ಳೆಯ ಕಾಚಂಪುಳಿ ಹಾಗೆ ಹರಿಯುವುದಿಲ್ಲ. ಗಾಜಿಗೆ ಅಂಟಿಕೊಂಡು, ಒಂದು ಕಪ್ಪು ಪೊರೆಯನ್ನು ಉಳಿಸಿ ನಿಧಾನವಾಗಿ ಇಳಿಯುತ್ತದೆ. ಮಾಂಸ ಆಗಲೇ ಬೆಂದಿತ್ತು. ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ, ಕಾಳುಮೆಣಸುಗಳನ್ನು ಕರಿಕಲಾಗುವ ಅಂಚಿನವರೆಗೆ ಹುರಿದು ಪುಡಿ ಮಾಡಿ ಹಾಕಿಯೂ ಆಗಿತ್ತು. ಕಡೆಯಲ್ಲಿ ಬೀಳಬೇಕಾದ ಹುಳಿ ಒಂದು ಚಮಚ ಬಿತ್ತು, ಬಣ್ಣ ಬದಲಾಗಲಿಲ್ಲ. ಇನ್ನೊಂದು ಬಿತ್ತು, ಹಲ್ಲು ಚುಳ್ಳೆನ್ನುವ ಹುಳಿ ಬಂತೇ ಹೊರತು ಕಾಚಂಪುಳಿಯ ಒಗರಾಗಲೀ, ನಾಲಿಗೆಯ ಮೇಲೆ ಹೊತ್ತು ನಿಲ್ಲುವ ಆ ಗಾಢತೆಯಾಗಲೀ ಬರಲಿಲ್ಲ. ಖಾರ ಕಡಿಮೆಯಾದರೆ ಸೇರಿಸಬಹುದು, ಉಪ್ಪು ಹೆಚ್ಚಾದರೆ ನೀರು ಬೆರೆಸಬಹುದು. ಒಣಗಿಸಿದಂತೆ ಮಸಾಲೆ ಮೆತ್ತಿಕೊಂಡಿರಬೇಕಾದ ಅಡುಗೆಗೆ ತಪ್ಪು ಹುಳಿ ಬಿದ್ದರೆ ಅದನ್ನು ಹಿಂದಕ್ಕೆ ತೆಗೆಯುವ ದಾರಿ ಇಲ್ಲ. ಮನೆಯಲ್ಲಿ ಎಲ್ಲರೂ ಮಾತಿಲ್ಲದೆ ಉಂಡರು, ಜೊತೆಗಿದ್ದ ಅಕ್ಕಿತರಿಯ ಉಂಡೆ, ಕಡಂಬುಟ್ಟು, ಮಾತ್ರ ಖಾಲಿಯಾಯಿತು.

ಮುಂದೆ ವಿರಾಜಪೇಟೆಯ ಕಡೆಯ ಗೆಳೆಯರೊಬ್ಬರು ಮನೆಯಲ್ಲಿ ಕಾಯಿಸಿದ ಕಾಚಂಪುಳಿಯನ್ನು ಔಷಧದ ಶೀಶೆಯೊಂದರಲ್ಲಿ ತಂದುಕೊಟ್ಟರು. ಅದರಿಂದ ಮಾಡಿದ ಪಂದಿ ಕರಿಗೂ ಮೇಲೆ ಹೇಳಿದ್ದಕ್ಕೂ ಹೆಸರೊಂದನ್ನು ಬಿಟ್ಟರೆ ಸಂಬಂಧವಿರಲಿಲ್ಲ. ಒಂದೇ ಚಮಚಕ್ಕೆ ಮಸಾಲೆ ಕಪ್ಪಿಗೆ ತಿರುಗಿತು, ನೆಣದ ಜಿಡ್ಡು ಬಾಯಿಗೆ ಹತ್ತದಂತಾಯಿತು. ಕಾಡುಹಂದಿಯ ಬೇಟೆಯೊಂದಿಗೆ ಬೆಳೆದ ಅಡುಗೆ ಇದು; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧವಾದ ಮೇಲೆ ಕೊಡವರ ಕೈಲ್ ಪೊಳ್ದ್ ಹಬ್ಬದ ಒಲೆಯ ಮೇಲೂ ಸಾಕಿದ ಹಂದಿಯೇ ಬೇಯಬೇಕು. ಸಾಕಿದ ಹಂದಿಯ ದಪ್ಪ ನೆಣಕ್ಕೆ ಈ ಕಪ್ಪು ಹುಳಿ ಇನ್ನೂ ಹೆಚ್ಚು ಅಗತ್ಯ ಎಂಬುದು ನನ್ನ ಅನಿಸಿಕೆ. ಆದರೆ ಆ ಶೀಶೆ ಮುಗಿದ ಮೇಲೆ? ಒಣಗಿದ ಉಪ್ಪಾಗೆ ಸಿಪ್ಪೆಯನ್ನು ಬಿಸಿನೀರಿನಲ್ಲಿ ನೆನೆಸಿ ಹಿಂಡಿದರೆ ರುಚಿ ಸ್ವಲ್ಪ ಹತ್ತಿರ ಬರುತ್ತದೆ, ಬಣ್ಣ ಬರುವುದಿಲ್ಲ. ಹುಣಸೆ ಹಾಕಿದರೆ ಒಳ್ಳೆಯ ಸಾರೇ ಆಗುತ್ತದೆ, ಆದರೆ ಅದನ್ನು ಪಂದಿ ಕರಿ ಎಂದು ಕೊಡವರ ಮುಂದಿಡುವ ಧೈರ್ಯ ನನಗಿಲ್ಲ.

ಬಫಾತಿನಲ್ಲಿ ಈ ರಗಳೆ ಯಾವುದೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಅರಿಸಿನಗಳ ಬಫಾತ್ ಪುಡಿ ಮಂಗಳೂರಿನವರ ಯಾವ ಅಂಗಡಿಯಲ್ಲೂ ಸಿಗುತ್ತದೆ, ಒಮ್ಮೆ ತಂದರೆ ಫ್ರಿಜ್ಜಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಹುಣಸೆಹಣ್ಣಿಲ್ಲದ ಮನೆ ಯಾವುದಿದೆ? ಮಾಂಸ, ಪುಡಿ, ಹೆಚ್ಚಿದ ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಸೀಳಿದ ಹಸಿಮೆಣಸಿನಕಾಯಿ, ಹುಣಸೆ ರಸ, ಉಪ್ಪು ಎಲ್ಲವನ್ನೂ ದಪ್ಪ ತಳದ ಪಾತ್ರೆಯಲ್ಲಿ ಕೈಯಿಂದಲೇ ಕಲಸಿ, ಎಣ್ಣೆಯ ಹನಿಯೂ ಇಲ್ಲದೆ, ಸಣ್ಣ ಉರಿಯ ಮೇಲಿಟ್ಟು ಮುಚ್ಚಿದರೆ ಸಾಕು. ಮೊದಲು ಮಾಂಸ ತಾನೇ ನೀರು ಬಿಡುತ್ತದೆ. ಆ ನೀರು ಇಂಗುತ್ತ ಬಂದಂತೆ ನೆಣ ಕರಗಿ, ಅಂಚಿನಲ್ಲಿ ಕೆಂಪು ಎಣ್ಣೆಯ ಗೆರೆ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಮುಂದೆ ತಳ ಹಿಡಿಯದಂತೆ ನೋಡಿಕೊಂಡು, ತೊಗಲು ಉಗುರಿಗೆ ಸಿಗುವಷ್ಟು ಮೆತ್ತಗಾದಾಗ ಇಳಿಸಬೇಕು. ಕುಕ್ಕರಿನಲ್ಲೂ ಆಗುತ್ತದೆ, ಆದರೆ ನೀರು ಇಂಗದೆ ಸಾರು ತೆಳುವಾಗುವುದರಿಂದ ಮುಚ್ಚಳ ತೆಗೆದು ಮತ್ತೆ ಕುದಿಸುವುದು ತಪ್ಪುವುದಿಲ್ಲ.

ಭಾನುವಾರ ಮಾಡಿ ಮಂಗಳವಾರದವರೆಗೆ ಉಣ್ಣುವುದು ನನ್ನ ರೂಢಿಯಾದ್ದರಿಂದ ಬಫಾತಿನ ಇನ್ನೊಂದು ಗುಣ ನನಗೆ ದೊಡ್ಡದು: ಎರಡನೆಯ ದಿನ ಅದು ಮೊದಲ ದಿನಕ್ಕಿಂತ ರುಚಿ. ಫ್ರಿಜ್ಜಿನಲ್ಲಿ ಮೇಲೆ ಹೆಪ್ಪುಗಟ್ಟುವ ಕೆಂಪು ನೆಣವನ್ನು ಒಂದೆರಡು ಚಮಚ ತೆಗೆದಿಟ್ಟುಕೊಂಡರೆ ಬೆಳಗಿನ ಮೊಟ್ಟೆ ಹುರಿಯಲು ಎಣ್ಣೆಯೂ ಉಳಿಯಿತು. ಜೊತೆಗೆ ಇಡ್ಲಿಯಂಥದೇ ಮೆತ್ತಗಿನ ಸಾನ್ನ ಇದ್ದರೆ ಸರಿ, ಇಲ್ಲದಿದ್ದರೆ ಇಡ್ಲಿ ನಡೆಯುತ್ತದೆ.

ಪೆಪ್ಪರ್ ಫ್ರೈ ಬೇಗ ಆಗುತ್ತದೆ, ಬಿಸಿಯಾಗಿರುವಾಗ ಸೊಗಸು. ಡಿಸೆಂಬರಿನ ರಾತ್ರಿ ತಟ್ಟೆಯಲ್ಲೇ ನೆಣ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಬೇಗ ಆಗುತ್ತದೆಂದು ಅರೆಬೆಂದದ್ದನ್ನು ತಿನ್ನುವುದಂತೂ ಕೂಡದು, ಲಾಡಿಹುಳುವಿನ ಭಯ ಹಂದಿಮಾಂಸದಲ್ಲಿ ನಿಜವಾದದ್ದು. ಹಾಗಾಗಿ ನೆಣ ಕಡಿಮೆಯಿರುವ ಮಾಂಸ ಸಿಕ್ಕ ದಿನ, ಮೊದಲು ಬೇಯಿಸಿಕೊಂಡು ಆಮೇಲೆ ಹುರಿಯುವ ವ್ಯವಧಾನವಿದ್ದರೆ ಮಾತ್ರ ಇದು. ಕರಾವಳಿಯ ಕ್ರೈಸ್ತರ ಇನ್ನೆರಡು ಹಂದಿ ಅಡುಗೆಗಳಲ್ಲಿ, ಸೊರ್ಪೊತೆಲ್‌ಗೆ ಲಿವರ್ ಬೇಕು, ಸಿಹಿ ಬೆರೆತ ಇಂದಾದ್ ನಮ್ಮ ಮನೆಯ ನಾಲಿಗೆಗೆ ಒಗ್ಗಲಿಲ್ಲ.

ಸದ್ಯಕ್ಕೆ ನನ್ನ ಲೆಕ್ಕ ಹೀಗಿದೆ: ಗುರುತಿನವರ ಮನೆಯ ಕಾಚಂಪುಳಿ ಕೈಯಲ್ಲಿದ್ದರೆ ಪಂದಿ ಕರಿ, ಅದೂ ಅತಿಥಿಗಳು ಬರುವ ದಿನ, ಉಳಿದ ಭಾನುವಾರಗಳಿಗೆಲ್ಲ ಬಫಾತ್. ಅಂಗಡಿಯವನಿಗೆ ಮಾತ್ರ ಎರಡಕ್ಕೂ ಒಂದೇ ಮಾತು ಹೇಳುತ್ತೇನೆ: ತುಂಡು ದೊಡ್ಡದಿರಲಿ, ತೊಗಲು ತೆಗೆಯಬೇಡ.